ಕ್ಯಾಮೆರಾ ಡಾಕ್ಟ್ರ ಬಾಮೈದ

ಬೆಳಕು ಹರಿಯುವ ಮೊದಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಣ್ಣೆಯ ವಾಸನೆ. ಗಿಡ್ಡ ಸ್ಟೂಲಿನ ಮೇಲೆ ಕೂತಿರುವ, ಅರವತ್ತಕ್ಕೆ ಹತ್ತಿರವಾದ ಗಟ್ಟಿ ಮೈಕಟ್ಟಿನ ಮನುಷ್ಯರೊಬ್ಬರು ಹಳೆಯ ಫಿಲ್ಮ್ ಕ್ಯಾಮೆರಾವೊಂದರ ಚರ್ಮದ ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪಟ್ಟಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಕೇಸು ಖಾಲಿ. ಅದರೊಳಗಿರಬೇಕಾದ ಕ್ಯಾಮೆರಾ ಮುಂದಿನ ಕೋಣೆಯ ಮೇಜಿನ ಮೇಲೆ ತಿರುಪು ತಿರುಪಾಗಿ ಬಿಚ್ಚಿಕೊಂಡು ಬಿದ್ದು ಮೂರು ದಿನವಾಯಿತು.

ಮೊದಲ ಬೆಳಕು ಎದುರು ಮನೆಯ ಸುಣ್ಣದ ಗೋಡೆಗೆ ಬಿದ್ದು, ಅಲ್ಲಿಂದ ಕಿಟಕಿಯೊಳಗೆ ಓರೆಯಾಗಿ ಇಳಿಯುತ್ತದೆ. ಈ ಓರೆ ಬೆಳಕಿಗಾಗಿಯೇ ಇವರು ಇಷ್ಟು ಬೇಗ ಬರುವುದು. ನಡುಹಗಲಿನ ಬಿಸಿಲಲ್ಲಿ ಚರ್ಮದ ಮೇಲಿನ ಸಣ್ಣ ಗೀರು ಕಣ್ಣಿಗೆ ಬೀಳುವುದಿಲ್ಲ. ಪಟ್ಟಿ ಮುಗಿಸಿ, ಕೇಸಿನ ಮುಚ್ಚಳ ತೆರೆದು, ಒಳಗಿನ ಕಂದು ಮಖಮಲ್ಲಿನ ಧೂಳು ಊದುತ್ತಾರೆ. ಊದಿದ ಬಾಯಿ ಹಾಗೇ ನಿಲ್ಲುತ್ತದೆ.

ಮಖಮಲ್ಲಿನ ಮೇಲೆ ಒಂದು ಗುರುತು. ದುಂಡಗೆ, ಕಡಲೆ ಕಾಳಿಗಿಂತ ಚಿಕ್ಕದು, ಒಳಕ್ಕೆ ಅದುಮಿದಂಥದ್ದು. ಬೆರಳಿಟ್ಟು ನೋಡುತ್ತಾರೆ. ಕಿಟಕಿಯ ಹತ್ತಿರ ಹಿಡಿದು ನೋಡುತ್ತಾರೆ. ಆಮೇಲೆ ಎಣ್ಣೆಗೈಯಲ್ಲೇ ಹಣೆ ಚಚ್ಚಿಕೊಳ್ಳುತ್ತಾರೆ. ಹಣೆಯ ಮೇಲೆ ಎಣ್ಣೆಯ ಅಚ್ಚು ಮೂಡಿರುವಾಗಲೇ ಅವರ ಮುಖದಲ್ಲಿ ಮೆಲ್ಲಗೆ ಒಂದು ನಗು ಹರಡುತ್ತದೆ. ಒಳ್ಳೆಯ ನಗುವಲ್ಲ.

"ಭಾವ ಮೂರು ದಿನದಿಂದ ಹುಡುಕ್ತಾ ಇರೋದು ಇದನ್ನೇ. ಇನ್ನೂ ಮೂರು ತಿಂಗಳು ಹುಡುಕಿದ್ರೂ ಅವರಿಗೆ ಸಿಗಲ್ಲ" ಎನ್ನುತ್ತಾರೆ. ಮರುಕ್ಷಣವೇ ನಗು ಮಾಯವಾಗುತ್ತದೆ. ಯಾಕೆಂದರೆ ಆ ಗುರುತು ಬಿದ್ದಿರುವುದು ಅವರೇ ಹೊಲಿದ ಕೇಸಿನಲ್ಲಿ, ಅವರದೇ ತಪ್ಪಿನಿಂದ.

ಇವರಿಗೆ ಬೀದಿಯಲ್ಲಿ ಸ್ವಂತ ಹೆಸರಿಲ್ಲ. ಮುಂದಿನ ಕೋಣೆಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಇವರ ಅಕ್ಕನ ಗಂಡನಿಗೆ ಊರೆಲ್ಲ 'ಕ್ಯಾಮೆರಾ ಡಾಕ್ಟ್ರು' ಎನ್ನುತ್ತದೆ. ಆದ್ದರಿಂದ ಇವರು 'ಡಾಕ್ಟ್ರ ಬಾಮೈದ'. ಅಂಚೆಯವನಿಗೂ ಬಾಮೈದ, ಹಾಲಿನವನಿಗೂ ಬಾಮೈದ. ಕೊನೆಗೆ ಇವರ ಸ್ವಂತ ಹೆಂಡತಿಯನ್ನೂ ಬೀದಿಯವರು 'ಡಾಕ್ಟ್ರ ಬಾಮೈದನ ಮನೆಯವರು' ಎಂದು ಉದ್ದಕ್ಕೆ ಕರೆಯುತ್ತಾರೆ. ಆಕೆ ತಲೆ ಕೆಡಿಸಿಕೊಂಡಿಲ್ಲ, ಇವರು ಕೆಡಿಸಿಕೊಂಡಿದ್ದಾರೆ.

ಮುಂದಿನ ಕೋಣೆಯ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಪತ್ರಿಕಾ ಬರಹ ತೂಗುತ್ತದೆ. ಕೆಲವು ವರ್ಷಗಳ ಹಿಂದೆ ಡಾಕ್ಟ್ರ ಬಗ್ಗೆ ಬಂದದ್ದು. ಅರ್ಧ ಪುಟದ ಚಿತ್ರದಲ್ಲಿ ಡಾಕ್ಟ್ರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಳ್ಳಗಿನ ತಲೆ ಬಾಗಿಸಿ, ಕ್ಯಾಮೆರಾದೊಳಗೆ ಇಣುಕುತ್ತಿದ್ದಾರೆ. ಚಿತ್ರದ ಎಡ ಅಂಚಿನಲ್ಲಿ ಒಂದು ಮೊಣಕೈ. ಬಂದವರನ್ನೆಲ್ಲ ಬಾಮೈದ ಈ ಚಿತ್ರದ ಮುಂದೆ ನಿಲ್ಲಿಸಿ ತೋರಿಸುವುದು ಆ ಮೊಣಕೈಯನ್ನು.

"ಅದು ನಂದು. ಆ ಕ್ಯಾಮೆರಾದ ಕೇಸೂ ನಂದೇ, ಆದ್ರೆ ಅದನ್ನ ತೆಗೆದು ಪಕ್ಕಕ್ಕಿಡಿ, ಅಡ್ಡ ಬರುತ್ತೆ ಅಂದ್ರು ಫೋಟೋದವರು. ಇಡೋಕೆ ಹೋದಾಗ ಮೊಣಕೈ ಒಂದು ಉಳ್ಕೊಂಡುಬಿಟ್ಟಿದೆ. ಹೊಟ್ಟೆಕಿಚ್ಚು ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇದೆ. ಬೇಕಾದಷ್ಟಿದೆ. ಬರ್ಕೊಳ್ಳಿ."

ಈ ಅಂಕಣ ಎಲೆಮರೆಯ ಕಾಯಿಗಳ ಬಗ್ಗೆ ಎಂದು ಹೇಳಿದಾಗ ಅವರು ತಡಮಾಡದೆ ಕೇಳಿದ್ದು ಒಂದೇ ಪ್ರಶ್ನೆ. "ಕಾಯಿ ನಾನು, ಒಪ್ಪಿದೆ. ಎಲೆ ಯಾರು ಅಂತಲೂ ಬರೀತೀರಾ?"

ಕೆಲಸದ ವಿಷಯಕ್ಕೆ ಬಂದರೆ ಮಾತಿನ ಖಾರ ಕಡಿಮೆಯಾಗುತ್ತದೆ. ಹಳೆಯ ಫಿಲ್ಮ್ ಕ್ಯಾಮೆರಾಗಳು ಹುಟ್ಟುವಾಗಲೇ ಒಂದೊಂದು ಚರ್ಮದ ಕೇಸಿನೊಂದಿಗೆ ಹುಟ್ಟಿದವು. ಕೆಳಗೆ ಕ್ಯಾಮೆರಾ ಕೂರುವ ಅರ್ಧ, ಮೇಲೆ ಲೆನ್ಸಿಗೆಂದು ಮುಂದೆ ಮೂತಿ ಚಾಚಿದ ಮುಚ್ಚಳ, ಕತ್ತಿಗೆ ಹಾಕಿಕೊಳ್ಳಲು ಪಟ್ಟಿ. ಲೋಹದ ಕ್ಯಾಮೆರಾ ಗಟ್ಟಿ ಜೀವ, ಬಾಳಿಕೊಳ್ಳುತ್ತದೆ. ಕೇಸಿನ ದಾರ ಕೊಳೆಯುತ್ತದೆ, ಮೂತಿ ಕುಸಿಯುತ್ತದೆ, ಪಟ್ಟಿ ಕಡಿಯುತ್ತದೆ. ಕೆಲವು ಕಡೆ ಕ್ಯಾಮೆರಾ ಕಳೆದುಹೋಗಿ ಕೇಸು ಮಾತ್ರ ಅಟ್ಟದಲ್ಲಿ ಉಳಿಯುತ್ತದೆ. ಬಾಮೈದನ ಕೆಲಸ ಈ ಎರಡರ ನಡುವೆ. ಕ್ಯಾಮೆರಾ ಸತ್ತ ಕೇಸುಗಳನ್ನು ತಂದು, ಕೇಸು ಸತ್ತ ಕ್ಯಾಮೆರಾಗಳಿಗೆ ಹೊಂದಿಸುತ್ತಾರೆ. ಹಿಂದಿನ ಕೋಣೆಯ ಒಂದು ಗೋಡೆಯುದ್ದಕ್ಕೂ ಇಂಥ ಖಾಲಿ ಕೇಸುಗಳು ಬಾಯಿ ತೆರೆದು ಕೂತಿವೆ. "ಇವೆಲ್ಲ ವಿಧವೆ, ವಿಧುರರು. ನಾನು ಬ್ರೋಕರು" ಎಂದು ಅವರೇ ನಗುತ್ತಾರೆ.

ಹೊಂದಿಸುವುದು ಸುಲಭವಲ್ಲ. ಮೊದಲು ಕ್ಯಾಮೆರಾದ ಅಳತೆ ತೆಗೆದು ಅದೇ ಆಕಾರದ ಮರದ ಅಚ್ಚು ಕೆತ್ತಬೇಕು. ಹಳೆಯ ಕೇಸಿನ ಹೊಲಿಗೆಯೆಲ್ಲ ಬಿಚ್ಚಿ, ಚರ್ಮವನ್ನು ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಅಚ್ಚಿನ ಮೇಲೆ ಎಳೆದು ಕಟ್ಟಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಚರ್ಮ ಅಚ್ಚಿನ ಆಕಾರವನ್ನು ಮರೆಯುವುದಿಲ್ಲ. ಆಮೇಲೆ ಮೇಣ ತಿಕ್ಕಿದ ದಾರ, ಎರಡು ಸೂಜಿ, ಹೊಲಿಗೆ. ಇಲ್ಲಿ ಅವರದೊಂದು ಕಟ್ಟುನಿಟ್ಟು ಇದೆ. ಹೊಸ ತೂತು ಹಾಕುವಂತಿಲ್ಲ. ಹಿಂದಿನವರು ಹಾಕಿದ ತೂತಿನಲ್ಲೇ ತಮ್ಮ ದಾರ ಹೋಗಬೇಕು. ಹಳೆ ತೂತಿನ ಪಕ್ಕ ಹೊಸ ತೂತು ಬಿದ್ದರೆ ಚರ್ಮ ಅಂಚೆಚೀಟಿಯಂತೆ ಸಾಲಾಗಿ ಹರಿದುಕೊಳ್ಳುತ್ತದೆ.

"ನೋಡಿ, ಇಲ್ಲೂ ಯಾವನೋ ಮೊದಲೇ ಬಂದು ತೂತು ಹಾಕಿ ಹೋಗಿದ್ದಾನೆ. ನಾನು ಅವನ ಹಿಂದೆ ಹೋಗ್ಬೇಕು. ಒಬ್ಬೊಬ್ಬನ ಹೊಲಿಗೆ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ, ಹಾಗೇ ಕೈ ಮುರೀಬೇಕು ಅಂತಲೂ ಅನ್ಸುತ್ತೆ" ಎನ್ನುತ್ತಾರೆ. ಕಂಡಿಲ್ಲದ, ಕೇಳಿಲ್ಲದ, ಬಹುಶಃ ಎಂದೋ ಸತ್ತಿರುವ ಹೊಲಿಗೆಗಾರನ ಮೇಲೂ ಮತ್ಸರ ಪಡುವ ಶಕ್ತಿ ಈ ಮನುಷ್ಯರಿಗಿದೆ.

ಒಂದು ಕೇಸು ಮುಗಿಯಲು ನಾಲ್ಕೈದು ದಿನ ಹಿಡಿಯುತ್ತದೆ. ತಿಂಗಳಿಗೆ ಆರೇಳಕ್ಕಿಂತ ಹೆಚ್ಚಾಗುವುದಿಲ್ಲ. ನಡುವೆ ಪಟ್ಟಿ, ಬಕಲ್, ಪ್ರೆಸ್ ಬಟನ್ ಮೊದಲಾದ ಚಿಲ್ಲರೆ ಕೆಲಸ. ಎಡಗೈಯ ಹೆಬ್ಬೆರಳು ದಬ್ಬಳದ ಚುಚ್ಚಿಗೆ ದಪ್ಪಗಾಗಿ, ಅದರ ಉಗುರು ಅರ್ಧವೇ ಬೆಳೆಯುತ್ತದೆ. ಬೆನ್ನು ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ.

ಬಾಮೈದ ಈ ಅಂಗಡಿಗೆ ಬಂದದ್ದು ಆಸೆಯಿಂದಲ್ಲ. ಹದಿಹರೆಯದಲ್ಲಿ ಸೂಟ್‌ಕೇಸು ತಯಾರಿಸುವ ಕಾರ್ಖಾನೆ ಸೇರಿ, ಹಿಡಿಕೆ ಹೊಲಿಯುವ ಮೇಜಿನಲ್ಲಿ ಕೆಲಸ ಕಲಿತರು. ಚಕ್ರದ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದ ಮೇಲೆ ಚರ್ಮದ ಹಿಡಿಕೆ ಯಾರಿಗೂ ಬೇಡವಾಯಿತು, ಕಾರ್ಖಾನೆ ಬಾಗಿಲು ಹಾಕಿತು. ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ತಮ್ಮನನ್ನು ಅಕ್ಕ ಕೈ ಹಿಡಿದು ಎಬ್ಬಿಸಿಕೊಂಡು ಬಂದು ಗಂಡನ ಅಂಗಡಿಯಲ್ಲಿ ಕೂರಿಸಿದರು. "ಅವರ ಹತ್ರ ಕ್ಯಾಮೆರಾ ಬರುತ್ತೆ, ಕೇಸು ಹರಿದಿರುತ್ತೆ. ನಿಂಗೆ ಹೊಲಿಯೋಕೆ ಬರುತ್ತೆ. ಇನ್ನೇನು ಬೇಕು?" ಎಂದರಂತೆ. ಅಕ್ಕನ ಮಾತೆಂದರೆ ಕಡ್ಡಿ ಮುರಿದಂತೆ. ಅಕ್ಕ ಇವತ್ತಿಗೂ ಹಾಗೆಯೇ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗಿರಾಕಿಗಳ ಚೀಟಿ ಬರೆದುಕೊಳ್ಳುತ್ತ, ಒಂದು ಕಣ್ಣು ಗಂಡನ ಮೇಲೆ, ಇನ್ನೊಂದು ತಮ್ಮನ ಮೇಲೆ ಇಟ್ಟಿರುತ್ತಾರೆ.

ಬಂದ ಕೆಲವೇ ವರ್ಷಗಳಲ್ಲಿ ಫಿಲ್ಮೇ ಮಾಯವಾಯಿತು. ಕ್ಯಾಮೆರಾಗಳು ಫೋನಿನೊಳಗೆ ಹೊಕ್ಕವು. ಡಾಕ್ಟ್ರ ಮೇಜಿನ ಮೇಲೆ ರೋಗಿಗಳೇ ಇಲ್ಲ. ಆ ದೊಡ್ಡ ಬರಗಾಲದುದ್ದಕ್ಕೂ ಅಂಗಡಿಯ ಬಾಗಿಲು ತೆರೆದಿಟ್ಟದ್ದು ಹಿಂದಿನ ಕೋಣೆ. ಬಾಮೈದ ಫೋನಿನ ಚೀಲ ಹೊಲಿದರು, ಕನ್ನಡಕದ ಪೆಟ್ಟಿಗೆ ಹೊಲಿದರು, ಬೆಲ್ಟು, ಕೀ ಚೀಲ, ಒಮ್ಮೆ ಯಾರದೋ ನಾಯಿಯ ಕತ್ತುಪಟ್ಟಿಯನ್ನೂ ಹೊಲಿದರು. ಎರಡೂ ಮನೆಯ ಒಲೆ ಉರಿದದ್ದು ಅದರಿಂದ. ಭಾವ ಮುಂದಿನ ಕೋಣೆಯಲ್ಲಿ ಖಾಲಿ ಮೇಜು ಒರೆಸುತ್ತ ಕೂತಿರುತ್ತಿದ್ದರು.

ಆಮೇಲೆ ಇದ್ದಕ್ಕಿದ್ದಂತೆ ಎಳೆಯರಿಗೆ ಫಿಲ್ಮಿನ ಹುಚ್ಚು ಹತ್ತಿತು. ಅಜ್ಜಂದಿರ ಕ್ಯಾಮೆರಾಗಳನ್ನು ಅಟ್ಟದಿಂದ ಇಳಿಸಿಕೊಂಡು ಬಂದರು. ಬಂದು ನೋಡಿದರೆ ಡಾಕ್ಟ್ರು ಇದ್ದಾರೆ, ಮೇಜೂ ಇದೆ! ಕಾಲ ಬದಲಾದರೂ ಕಸುಬು ಬಿಡದ ಮಹಾನುಭಾವ ಎಂದು ಹಾಡಿ ಹೊಗಳಿದರು.

"ಕಸುಬು ಬಿಡಲಿಲ್ಲ, ನಿಜ. ಬಿಡದೇ ಇರೋಕೆ ಕಸುಬು ಎಲ್ಲಿತ್ತು? ನಾಯಿಪಟ್ಟಿ ಹೊಲಿದೋನು ನಾನು. ಪೇಪರಲ್ಲಿ ಬಂತಾ ನಾಯಿಪಟ್ಟಿ?" ಎನ್ನುವಾಗ ಬಾಮೈದನ ಧ್ವನಿ ಮುಂದಿನ ಕೋಣೆಗೆ ಕೇಳುವಷ್ಟು ಏರುತ್ತದೆ. ಮುಂದಿನ ಕೋಣೆಯಲ್ಲಿ ಭಾವ ತಿರುಪು ಬಿಗಿಯುತ್ತಲೇ ಇರುತ್ತಾರೆ. ಭಾವ ರೇಗುವವರಲ್ಲ. ಅಕ್ಕನನ್ನು ಮದುವೆಯಾದ ದಿನದಿಂದ ಬಾಮೈದನ ಮೇಲೆ ಒಮ್ಮೆಯೂ ಧ್ವನಿ ಎತ್ತಿಲ್ಲ. "ಒಂದು ದಿನ, ಒಂದೇ ಒಂದು ದಿನ ಬೈದಿದ್ರೂ ನನ್ನ ಹೊಟ್ಟೆ ತಣ್ಣಗಾಗ್ತಿತ್ತು. ಬೈಯಲ್ಲ. ಅಷ್ಟು ಒಳ್ಳೆಯವರ ಜೊತೆ ಬದುಕೋದು ಸುಲಭ ಅಂದ್ಕೊಂಡ್ರಾ?"

ಈಗ ಆ ದುಂಡು ಗುರುತಿನ ಕಥೆಗೆ ಬರೋಣ.

ತಿಂಗಳ ಹಿಂದೆ ಕನ್ನಡಕದ ಹುಡುಗಿಯೊಬ್ಬಳು ಅಜ್ಜನ ಕ್ಯಾಮೆರಾ ಹಿಡಿದು ಬಂದಳು. ಅವಳ ತಾಯಿ ಬಸ್ ಡ್ರೈವರ್. ನಿವೃತ್ತಿಗೆ ಕೆಲವೇ ವಾರ ಉಳಿದಿದ್ದವು. ಅಮ್ಮ ಕೊನೆಯ ಬಾರಿ ಬಸ್ಸು ಓಡಿಸುವ ದಿನ ಅಜ್ಜನ ಕ್ಯಾಮೆರಾದಲ್ಲೇ ಫೋಟೋ ತೆಗೆಯಬೇಕು ಎಂಬುದು ಅವಳ ಆಸೆ. ಕ್ಯಾಮೆರಾ ಡಾಕ್ಟ್ರ ಮೇಜಿಗೆ ಹೋಯಿತು, ಕೇಸು ಹೊಂದಿಸುವ ಕೆಲಸ ಬಾಮೈದನಿಗೆ ಬಂತು. ಅಂಗಡಿಯಲ್ಲಿ ಅವಳಿಗೆ 'ಡ್ರೈವರಮ್ಮನ ಮಗಳು' ಎಂದೇ ಹೆಸರಾಯಿತು.

ಭಾವ ಕ್ಯಾಮೆರಾ ಬಿಚ್ಚಿ ಒಳಗಿನದನ್ನೆಲ್ಲ ತೊಳೆಯಲು ಹಾಕಿದ್ದರು. "ಎರಡು ದಿನ ತಡಿಯೋ. ಪೂರ್ತಿ ಜೋಡಿಸಿದ ಮೇಲೆ ಅಳತೆ ತಗೊ" ಎಂದಿದ್ದರು. ಬಾಮೈದನಿಗೆ ತಡೆಯುವ ಮನಸ್ಸಿರಲಿಲ್ಲ. ಈ ಸಲ ಕ್ಯಾಮೆರಾಕ್ಕಿಂತ ಮೊದಲು ಕೇಸು ತಯಾರಾಗಬೇಕು, ಹುಡುಗಿ ಬಂದಾಗ ಮೊದಲು ಕೇಸನ್ನು ನೋಡಬೇಕು. ಭಾವ ಊಟಕ್ಕೆ ಎದ್ದಾಗ ಮೇಜಿನಿಂದ ಕ್ಯಾಮೆರಾದ ಹೊರಕವಚ ಎತ್ತಿಕೊಂಡು ಬಂದು ಅಳತೆ ತೆಗೆದು ಅಚ್ಚು ಕೆತ್ತಿದರು. ಫೋಟೋ ತೆಗೆಯಲು ಒತ್ತುವ ಗುಂಡಿ ಆಗ ಬೇರೆಯಾಗಿ ಭಾವನ ತಟ್ಟೆಯಲ್ಲಿ ಎಣ್ಣೆಯಲ್ಲಿ ಮುಳುಗಿತ್ತು. ಅಚ್ಚಿಗೆ ಗುಂಡಿಯ ಎತ್ತರ ಬರಲೇ ಇಲ್ಲ. ಕೇಸು ಮೈಗಂಟಿದಂತೆ ಕೂತಿತು. ಮುಚ್ಚುವಾಗ ಚೂರು ಬಿಗಿ ಎನಿಸಿದ್ದನ್ನು ಬಾಮೈದ ತಮ್ಮ ಕೈಚಳಕ ಎಂದೇ ಭಾವಿಸಿದರು.

ಹುಡುಗಿ ಕೊನೆಯ ದಿನದ ಬಸ್ಸಿನಲ್ಲಿ ಫೋಟೋ ತೆಗೆದಳು. ಒಂದು ತೆಗೆದ ಕೂಡಲೇ ಮುಂದಿನದಕ್ಕೆ ಫಿಲ್ಮು ತಿರುಗಿಸಿ ಸಿದ್ಧವಾಗಿಟ್ಟುಕೊಳ್ಳುವುದು ಅವಳಿಗೆ ಅಜ್ಜ ಕಲಿಸಿದ ಪಾಠ. ಸಿದ್ಧವಾದ ಕ್ಯಾಮೆರಾವನ್ನು ಕೇಸಿನಲ್ಲಿಟ್ಟು ಮುಚ್ಚಿದಾಗೆಲ್ಲ ಮುಚ್ಚಳ ಗುಂಡಿಯನ್ನು ಒತ್ತಿತು. ಕತ್ತಲೊಳಗೇ ಒಂದು ಫೋಟೋ ಆಗಿಹೋಯಿತು. ಬಸ್ಸಿನ ಸದ್ದಿನಲ್ಲಿ ಅದರ ಸಪ್ಪಳ ಕೇಳಿಸಲಿಲ್ಲ. ಮತ್ತೆ ತೆರೆದು ಒತ್ತಿದರೆ ಕ್ಯಾಮೆರಾ ಸುಮ್ಮನೆ. ಫಿಲ್ಮು ತಿರುಗಿಸಲು ಮರೆತೆನೇನೋ ಎಂದು ಅವಳು ಇನ್ನೊಮ್ಮೆ ತಿರುಗಿಸಿದಳು. ತೊಳೆಸಿ ಪ್ರಿಂಟ್ ಹಾಕಿಸಿ ನೋಡಿದಾಗ ಅರ್ಧ ರೋಲು ಕಪ್ಪು. ಅಮ್ಮ ಕೊನೆಗೆ ಬಸ್ಸಿನ ಮೆಟ್ಟಿಲಿಳಿಯುವ ಹೊತ್ತಿಗೆ ಫಿಲ್ಮೇ ಮುಗಿದಿತ್ತು. ಆ ಫೋಟೋ ಇಲ್ಲ.

"ಗುಂಡಿ ಒತ್ತಿದ್ರೆ ಒಂದೊಂದು ಸಲ ಏನೂ ಆಗಲ್ಲ ಡಾಕ್ಟ್ರೇ" ಎಂದು ಮೂರು ದಿನದ ಹಿಂದೆ ಅವಳು ಕ್ಯಾಮೆರಾ, ಕೇಸು ಎರಡನ್ನೂ ತಂದು ಮೇಜಿನ ಮೇಲಿಟ್ಟಳು. ಅಳಲಿಲ್ಲ. "ಅಮ್ಮನೇ ಸಮಾಧಾನ ಮಾಡಿದ್ರು. ಇಳಿದಿದ್ದು ನಾನು, ನಂಗೆ ನೆನಪಿದೆ, ನೀನು ಸುಮ್ನಿರು ಅಂದ್ರು" ಎಂದು ನಕ್ಕಳು. ಆ ನಗು ಭಾವನಿಗೆ ತಾಗಿತು. ಒಳಗೆ ಎಲ್ಲೋ ಕೊಂಡಿ ಜಾರುತ್ತಿದೆ, ತನ್ನ ಕೈಯಲ್ಲೇ ಏನೋ ತಪ್ಪಾಗಿದೆ ಎಂದುಕೊಂಡರು. ಕೇಸನ್ನು ಹಿಂದಿನ ಕೋಣೆಗೆ ಕಳಿಸಿ, ಕ್ಯಾಮೆರಾ ಬಿಚ್ಚಿದರು. ಎಲ್ಲ ಸರಿಯಿತ್ತು. ಜೋಡಿಸಿದರು. ಮತ್ತೆ ಬಿಚ್ಚಿದರು. ಕ್ಯಾಮೆರಾ ರಿಪೇರಿಯವರು ಯಾರೂ ಕೇಸಿನೊಳಗಿಟ್ಟು ಪರೀಕ್ಷೆ ಮಾಡುವುದಿಲ್ಲವಲ್ಲ.

ಹೀಗೆ ಈ ಬೆಳಿಗ್ಗೆ ರೋಗದ ಗುಟ್ಟು ಬಾಮೈದ ಒಬ್ಬರ ಕೈಯಲ್ಲೇ ಇದೆ.

ಎಂಟು ಗಂಟೆಗೆ ಭಾವ ಬರುತ್ತಾರೆ. ಕಣ್ಣು ಕೆಂಪಗಾಗಿದೆ. ಕೋಟನ್ನು ಮೊಳೆಗೆ ತೂಗುಹಾಕಿ, ಭೂತಗನ್ನಡಿ ಸಿಕ್ಕಿಸಿಕೊಂಡು, ಮತ್ತೆ ಅದೇ ಕ್ಯಾಮೆರಾದ ಮೇಲೆ ಬಾಗುತ್ತಾರೆ. ಬಾಗಿಲಲ್ಲಿ ಕೂತ ಅಕ್ಕ ಗಂಡನಿಗೆ ಕೇಳದಂತೆ ತಮ್ಮನಿಗೆ ಹೇಳುತ್ತಾರೆ. "ಸರಿಯಾಗಿ ಊಟ ಮಾಡ್ತಿಲ್ಲ ಕಣೋ. ಕೈ ನಡುಗೋಕೆ ಶುರುವಾಯ್ತು, ಇನ್ನು ಅಂಗಡಿ ಮುಚ್ಚೋಣ ಅಂತಾರೆ."

ಕೈ ನಡುಗುವುದಿಲ್ಲ ಎಂದು ಬಾಮೈದನಿಗೆ ಗೊತ್ತು. ಕ್ಯಾಮೆರಾ ಡಾಕ್ಟ್ರು ಸೋತು ಕೂತಿರುವುದನ್ನು ಇವರು ಎಷ್ಟೋ ಸಲ ಕಲ್ಪಿಸಿಕೊಂಡು ಖುಷಿಪಟ್ಟಿದ್ದಾರೆ. ಕಣ್ಣಾರೆ ನೋಡುವಾಗ ಆ ಖುಷಿ ಸಿಗುತ್ತಿಲ್ಲ. ಹಾಗೆಂದು ಎದ್ದುಹೋಗಿ 'ತಪ್ಪು ನಂದು' ಎನ್ನುವುದಕ್ಕೂ ಕಾಲು ಬರುತ್ತಿಲ್ಲ. ತಡಿಯೋ ಎಂದಿದ್ದರಲ್ಲ ಭಾವ. ಮತ್ತೆ ಭಾವನೇ ಸರಿ ಎಂದಾಗುತ್ತದಲ್ಲ.

ಕೊನೆಗೆ ಅವರಿಗೆ ತೋಚುವುದು ಮೂರನೆಯ ದಾರಿ. ಮಖಮಲ್ಲನ್ನು ಗುರುತಿನ ಸುತ್ತ ಕತ್ತರಿಸಿ ಬಿಡಿಸುತ್ತಾರೆ. ಸಣ್ಣ ಚೂರಿಯನ್ನು ಕಲ್ಲಿಗೆ ಮಸೆದು, ಮುಚ್ಚಳದ ಒಳಮೈಯ ಚರ್ಮವನ್ನು ಎಳೆ ಎಳೆಯಾಗಿ ಹೆರೆಯುತ್ತಾರೆ. ಹೆಚ್ಚಾದರೆ ಹೊರಗಡೆ ತೂತು ಬೀಳುತ್ತದೆ, ಕಡಿಮೆಯಾದರೆ ಗುಂಡಿ ಮತ್ತೆ ತಾಗುತ್ತದೆ. ಹೆರೆದು, ಬೆರಳ ತುದಿಯಿಂದ ತಡವಿ, ಬೆಳಕಿಗೆ ಹಿಡಿದು, ಮತ್ತೆ ಹೆರೆಯುತ್ತಾರೆ. ಒಂದು ಪುಟ್ಟ ಗುಳಿ ಮೂಡುತ್ತದೆ. ಅದರ ಅಂಚಿಗೆ ಮಖಮಲ್ಲನ್ನು ಅಂಟಿಸಿ ನುಣ್ಣಗೆ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಏನೇನೂ ಕಾಣದು. ತನ್ನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಜೀವಮಾನವಿಡೀ ಗೊಣಗಿದ ಮನುಷ್ಯ, ಯಾರ ಕಣ್ಣಿಗೂ ಬೀಳದಿರಲಿ ಎಂದು ಮಾಡಿದ ಮೊದಲ ಕೆಲಸ ಇದು. ಬಹುಶಃ ಅವರ ಕೈಯ ಅತಿ ಒಳ್ಳೆಯ ಕೆಲಸವೂ ಇದೇ.

ಮಧ್ಯಾಹ್ನ ಡ್ರೈವರಮ್ಮನ ಮಗಳು ಬರುತ್ತಾಳೆ. ಭಾವ ಜೋಡಿಸಿದ ಕ್ಯಾಮೆರಾವನ್ನು ಕೈಗೆ ಕೊಡುತ್ತ ತಲೆ ತಗ್ಗಿಸುತ್ತಾರೆ. "ನನಗೆ ಏನೂ ಸಿಗಲಿಲ್ಲಮ್ಮ. ಇದರಲ್ಲಿ ಹೊಸ ಫಿಲ್ಮು ಹಾಕಿದ್ದೀನಿ. ಒಂದ್ಸಲ ನೀನೇ ನೋಡು."

ಹುಡುಗಿ ಕ್ಯಾಮೆರಾವನ್ನು ಕೇಸಿನಲ್ಲಿ ಕೂರಿಸುತ್ತಾಳೆ. ಬೀದಿಯ ಕಡೆ ಒಂದು ಫೋಟೋ ತೆಗೆಯುತ್ತಾಳೆ, ಫಿಲ್ಮು ತಿರುಗಿಸುತ್ತಾಳೆ, ಕೇಸು ಮುಚ್ಚುತ್ತಾಳೆ. ಹಿಂದಿನ ಕೋಣೆಯ ಬಾಗಿಲಲ್ಲಿ ಬಾಮೈದ ನಿಂತು ನೋಡುತ್ತಿದ್ದಾರೆ. ಹುಡುಗಿ ಮುಚ್ಚಳ ತೆರೆಯುತ್ತಾಳೆ, ಗುಂಡಿ ಒತ್ತುತ್ತಾಳೆ. ಕ್ಲಿಕ್. ಮತ್ತೆ ತಿರುಗಿಸಿ, ಮುಚ್ಚಿ, ತೆರೆದು, ಒತ್ತುತ್ತಾಳೆ. ಕ್ಲಿಕ್. ಎಷ್ಟು ಸಲ ಮಾಡಿದರೂ ಕ್ಲಿಕ್.

"ಡಾಕ್ಟ್ರೇ! ಸರಿಹೋಗಿದೆ! ಎಂಥ ಕೈಗುಣ ನಿಮ್ಮದು!"

"ಇಲ್ಲಮ್ಮ, ನಾನೇನೂ ಮಾಡಿಲ್ಲ" ಎನ್ನುತ್ತಾರೆ ಭಾವ, ಗೊಂದಲದಿಂದ.

"ನೋಡಿ, ಎಷ್ಟು ದೊಡ್ಡ ಮನಸ್ಸು! ಮೂರು ದಿನ ಒದ್ದಾಡಿ ಏನೂ ಮಾಡಿಲ್ಲ ಅಂತಾರೆ" ಎಂದು ಹುಡುಗಿ ಅಕ್ಕನ ಕಡೆ ತಿರುಗಿ ಕಣ್ಣರಳಿಸುತ್ತಾಳೆ.

"ನಿಜವಾಗ್ಲೂ ಏನೂ ಮಾಡಿಲ್ಲಮ್ಮ ನಾನು."

"ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ ಡಾಕ್ಟ್ರೇ!"

ಬಾಗಿಲಲ್ಲಿ ನಿಂತಿದ್ದ ಬಾಮೈದನ ಕಿವಿ ಕೆಂಪಾಗುತ್ತದೆ. ತಪ್ಪು ಮುಚ್ಚಿಹೋಯಿತು, ಹುಡುಗಿಗೆ ಸಂತೋಷವಾಯಿತು, ಭಾವನ ಚಿಂತೆ ಹೋಯಿತು. ಸುಮ್ಮನಿದ್ದರೆ ಎಲ್ಲವೂ ಸುಸೂತ್ರ. ಆದರೆ ಸುಮ್ಮನಿರುವುದು ಎಂದರೆ ಆ ಗುಳಿಯನ್ನೂ ಭಾವನ ಹೆಸರಿಗೆ ಬರೆದುಕೊಟ್ಟಂತೆ. ಅಷ್ಟು ದೊಡ್ಡ ದಾನ ಬಾಮೈದನಿಂದ ಆಗುವ ಕೆಲಸವಲ್ಲ.

"ಅವರು ನಿಜವಾಗ್ಲೂ ಏನೂ ಮಾಡಿಲ್ಲ! ಎಷ್ಟು ಸಲ ಹೇಳ್ಬೇಕು ಅವರು?" ಎಂದು ಕೂಗಿಯೇಬಿಡುತ್ತಾರೆ. "ಕ್ಯಾಮೆರಾಗೆ ಏನೂ ಆಗಿರ್ಲಿಲ್ಲ. ಕೇಸು ಗುಂಡಿ ಒತ್ತುತ್ತಿತ್ತು. ಕೆಡಿಸಿದ್ದೂ ನಾನು, ಸರಿ ಮಾಡಿದ್ದೂ ನಾನು. ಬೇಕಿದ್ರೆ ಮುಚ್ಚಳದ ಒಳಗೆ ಕೈ ಹಾಕಿ ನೋಡಿ!"

ಹುಡುಗಿ ಮುಚ್ಚಳದೊಳಗೆ ಬೆರಳಿಡುತ್ತಾಳೆ. ಬೆರಳ ತುದಿ ಗುಳಿಯನ್ನು ಹುಡುಕಿಕೊಳ್ಳುತ್ತದೆ. "ಹಾಗಾದ್ರೆ ಅಮ್ಮ ಇಳಿಯೋ ಫೋಟೋ..."

"ನನ್ನಿಂದ ಹೋಯ್ತಮ್ಮ. ಗುಂಡಿ ಅವರ ತಟ್ಟೇಲಿ ಇದ್ದಾಗ ಅಳತೆ ತಗೊಂಡೆ. ತಡಿ ಅಂದಿದ್ರು. ತಡೀಲಿಲ್ಲ." ಈಗ ಧ್ವನಿ ಇಳಿದಿದೆ. "ನೀನು ಮೊದಲು ನನ್ನ ಕೇಸು ನೋಡ್ಬೇಕು ಅಂತ ಆಸೆ ಆಗಿತ್ತು."

ಆಗ ಮುಂದಿನ ಕೋಣೆಯಲ್ಲಿ ಇದುವರೆಗೆ ಆಗದಿದ್ದದ್ದು ಆಗುತ್ತದೆ. ಭಾವ ಭೂತಗನ್ನಡಿಯನ್ನು ಕಿತ್ತು ಮೇಜಿನ ಮೇಲೆ ಕುಕ್ಕುತ್ತಾರೆ. "ಮೂರು ದಿನ! ಮೂರು ದಿನ ನಾನು ಇಲ್ಲಿ ಸಾಯ್ತಿದ್ದೀನಿ, ಕೈ ಹೋಯ್ತು ಅಂತ ಅಳೋದೊಂದು ಬಾಕಿ ಇತ್ತು. ನೀನು ಅಲ್ಲಿ ಎಣ್ಣೆ ತಿಕ್ತಾ ಕೂತಿದ್ಯಾ? ಕತ್ತೆ! ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತೋ?"

"ಮೂರು ದಿನ ಇಲ್ಲ ಭಾವ. ಇವತ್ತು ಬೆಳಿಗ್ಗೆ ಗೊತ್ತಾಯ್ತು."

"ಬೆಳಿಗ್ಗೆಯಿಂದ ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

ಬೈಗುಳ ಬೀದಿಯವರೆಗೂ ಕೇಳುತ್ತದೆ. ಎದುರಿನ ಅಂಗಡಿಯವರು ಇಣುಕಿ ನೋಡುತ್ತಾರೆ. ಬಾಮೈದ ತಲೆ ತಗ್ಗಿಸಿಕೊಂಡು ನಿಂತಿದ್ದಾರೆ, ಆದರೆ ಮುಖದಲ್ಲಿ ಎಂಥದೋ ನಿರಾಳ. ಬೈದು ಸುಸ್ತಾದ ಭಾವ ಟೀ ಕುಡಿಯಲು ಹೊರಟುಹೋಗುತ್ತಾರೆ. ಜೊತೆಗೆ ಬಾ ಎಂದು ಕರೆಯುವುದಿಲ್ಲ.

"ಈಗ ಸಮಾಧಾನ ಆಯ್ತಾ?" ಎಂದು ಅಕ್ಕ ಕೇಳುತ್ತಾರೆ.

"ಆಯ್ತಕ್ಕ" ಎನ್ನುತ್ತಾರೆ ತಮ್ಮ.

ಹುಡುಗಿ ಇನ್ನೂ ಮುಚ್ಚಳ ತೆರೆದು ಮುಚ್ಚಿ ಮಾಡುತ್ತಲೇ ಇದ್ದಾಳೆ. ಅವಳ ಮುಖದಲ್ಲಿ ಕೋಪವೂ ಇದೆ, ಅದರ ಹಿಂದೆ ಇನ್ನೇನೋ ಇದೆ. ಕೊನೆಗೊಮ್ಮೆ ಮುಚ್ಚಿಟ್ಟು ಹೇಳುತ್ತಾಳೆ. "ನಮ್ಮಮ್ಮ ಅಷ್ಟು ವರ್ಷ ಬಸ್ಸು ಓಡಿಸಿದ್ರು. ಇಳಿಯೋರೆಲ್ಲ ಕಂಡಕ್ಟರಿಗೆ ಥ್ಯಾಂಕ್ಸ್ ಹೇಳಿ ಇಳೀತಿದ್ರಂತೆ. ಮನೆಗೆ ಬಂದು ದಿನಾ ಆ ಕಂಡಕ್ಟರನ್ನ ಬೈಯೋರು. ಪಾಪ, ಆತ ತುಂಬ ಒಳ್ಳೆಯವನು." ಕೇಸನ್ನು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು ತಿರುಗುತ್ತಾಳೆ. "ಫೋಟೋ ಹೋಗಿದ್ದಕ್ಕೆ ನಾನು ನಿಮ್ಮನ್ನ ಕ್ಷಮಿಸಿಲ್ಲ, ಕೇಸಿನವರೇ. ಆದ್ರೆ ಗುಳಿ ಚೆನ್ನಾಗಿದೆ."

ಕೇಸಿನವರೇ ಎಂದದ್ದು ಬಾಮೈದನ ಕಿವಿಯಲ್ಲಿ ನಿಂತುಬಿಟ್ಟಿದೆ.

ಮರುದಿನ ಬೆಳಿಗ್ಗೆ ಅವರು ಬರುವಷ್ಟರಲ್ಲಿ ಹಿಂದಿನ ಕೋಣೆಯ ಮೇಜಿನ ಮೇಲೆ ಪುಟ್ಟ ಬಟ್ಟಲಿನಲ್ಲಿ ಒಂದು ಗುಂಡಿ ಕೂತಿದೆ. ಭಾವ ಹೊಸದಾಗಿ ಬಿಚ್ಚಿದ ಇನ್ನೊಂದು ಕ್ಯಾಮೆರಾದ್ದು. ಎಣ್ಣೆ ಒರೆಸಿ, ಶುಭ್ರವಾಗಿ, ಅಳತೆಗೆಂದು ತಂದಿಟ್ಟದ್ದು. ಎಂಟಕ್ಕೆ ಬರುವ ಭಾವ ಇವತ್ತು ಮೊದಲೇ ಬಂದು ಮುಂದಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಾರೆ. ಬಾಮೈದ ಗುಂಡಿಯನ್ನು ಅಂಗೈಯಲ್ಲಿಟ್ಟು ನೋಡಿ, ಅಳತೆ ತೆಗೆದು, ಬಟ್ಟಲನ್ನು ವಾಪಸು ಕೊಂಡೊಯ್ದು ಭಾವನ ಮೇಜಿನ ತುದಿಗೆ ಇಡುತ್ತಾರೆ.

ಹೊಟ್ಟೆಕಿಚ್ಚು ಕಡಿಮೆಯಾಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಎಲ್ಲಿ ಕಡಿಮೆ ಆಗುತ್ತೆ? ಬೈಯೋದ್ರಲ್ಲೂ ಅವರೇ ಮುಂದು. ನಿನ್ನೆಯಿಂದ ಬೀದೀಲಿ ಎಲ್ರೂ ಅದೇ ಮಾತಾಡ್ತಿದ್ದಾರೆ, ಡಾಕ್ಟ್ರು ರೇಗಿದ್ರಂತೆ, ಡಾಕ್ಟ್ರು ರೇಗಿದ್ರಂತೆ ಅಂತ. ಯಾಕೆ ರೇಗಿದ್ರು ಅಂತ ಒಬ್ಬನೂ ಕೇಳ್ತಿಲ್ಲ."

ಈ ಪುಟಕ್ಕೆ ಚಿತ್ರ ಬೇಕು. ಹೇಗಿರಲಿ ಎಂದಾಗ ಬಾಮೈದ ನಡುವಿನ ಬಾಗಿಲಿಗೆ ಬರುತ್ತಾರೆ. ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನು ನೋಡುತ್ತಾರೆ, ಅದರ ಕೆಳಗೆ ಬಾಗಿ ಕೂತಿರುವ ಬೆಳ್ಳಗಿನ ತಲೆಯನ್ನು ನೋಡುತ್ತಾರೆ. ಆಮೇಲೆ ಧ್ವನಿ ತಗ್ಗಿಸಿ ತಮ್ಮ ಆಸೆ ಹೇಳುತ್ತಾರೆ.

"ಕೇಸು ಮುಚ್ಚಿರೋ ಫೋಟೋ ಹಾಕಿ. ಒಳಗಿರೋ ಕ್ಯಾಮೆರಾ ಒಂಚೂರೂ ಕಾಣಬಾರ್ದು." ಮುಂದಿನ ಕೋಣೆಯ ಕಡೆ ಕಣ್ಣು ಹಾಯಿಸಿ ಸೇರಿಸುತ್ತಾರೆ. "ಭಾವನ ಮೊಣಕೈ ಬೇಕಿದ್ರೆ ಬರ್ಲಿ. ಮೊಣಕೈ ಮಾತ್ರ."